ನನ್ನ ಮಗ ಮಾಡಿದ ಸ್ಟಿಕ್ಕರ್

ಮಗನ ಫೋನಿನಲ್ಲಿ ನಾನು ಹುಡುಕುತ್ತಿದ್ದದ್ದು ಅಪರಿಚಿತರನ್ನು. ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂದಿದೆಯೇ, ಆಟದ ನೆಪದಲ್ಲಿ ಯಾರಾದರೂ ಫೋಟೊ ಕೇಳಿದ್ದಾರೆಯೇ, ನಮಗೆ ತಿಳಿಸದೆ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಾನೆಯೇ, ಇಷ್ಟೇ ನನ್ನ ತಪಾಸಣೆ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ ರಾತ್ರಿ ಒಂಬತ್ತಕ್ಕೆ ಫೋನು ತಾನಾಗಿಯೇ ಬಂದ್ ಆಗುವಂತೆ ಮಾಡಿದ್ದೆ. ಕಂಡಕಂಡವರು ಅವನನ್ನು ಗುಂಪುಗಳಿಗೆ ಸೇರಿಸದಂತೆ ವಾಟ್ಸಾಪ್‌ನ ಸೆಟ್ಟಿಂಗ್ ಬದಲಿಸಿದ್ದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ಸಹಾಯವಾಣಿ 1930 ಎಂದು ಬೋರ್ಡಿನ ಮೇಲೆ ಬರೆದು ಪ್ರತಿ ವರ್ಷ ನನ್ನ ತರಗತಿಯ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ನನ್ನ ಮಗನಿಗೆ ಯಾರಿಂದಲೂ ಕೆಡುಕಾಗದಂತೆ ಏನೇನು ಬೇಕೋ ಎಲ್ಲ ಮಾಡಿದ್ದೆ. ನನ್ನ ಮಗನಿಂದ ಇನ್ನೊಬ್ಬರ ಮಗನಿಗೆ ಕೆಡುಕಾಗಬಹುದು ಎಂಬ ಯೋಚನೆ ಮಾತ್ರ ಒಮ್ಮೆಯೂ ಸುಳಿದಿರಲಿಲ್ಲ.

ಅವನ ಕೈಗೆ ಫೋನು ಬಂದದ್ದು ಕೊರೊನಾ ಕಾಲದಲ್ಲಿ. ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವು ಶಿಕ್ಷಕರು ದೇವಸ್ಥಾನದ ಜಗಲಿ, ಯಾರದೋ ಮನೆಯ ಅಂಗಳ ಎಂದು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುತ್ತಿದ್ದೆವು. ಖಾಸಗಿ ಶಾಲೆಯಲ್ಲಿ ಓದುತ್ತಿದ್ದ ಮಗನ ಪಾಠಗಳೆಲ್ಲ ಫೋನಿನಲ್ಲಿ. ವಾಟ್ಸಾಪ್ ಬಳಸಲು ಹದಿಮೂರು ವರ್ಷ ತುಂಬಿರಬೇಕೆಂಬ ನಿಯಮ ನನಗೆ ಗೊತ್ತಿತ್ತು, ಆದರೂ ನನ್ನದೇ ಒಂದು ಹಳೆಯ ಸಿಮ್ ಹಾಕಿ ಕೊಟ್ಟೆ. ಶಾಲೆ ಮತ್ತೆ ತೆರೆಯಿತು, ಫೋನು ಅವನ ಕೈಯಲ್ಲೇ ಉಳಿಯಿತು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಎರಡು ಗುಂಪುಗಳಿದ್ದವು. ಒಂದು ಹೋಮ್‌ವರ್ಕು, ರಜೆ, ಫೀಸಿನ ಸೂಚನೆ ಬರುವ ಶಾಲೆಯ ಗುಂಪು. ಇನ್ನೊಂದು ಹುಡುಗರೇ ಮಾಡಿಕೊಂಡದ್ದು, ಸರ್ ಇಲ್ಲದ ಗುಂಪು. ಆ ಎರಡನೆಯದನ್ನು ನಾನು ತೆರೆದು ನೋಡಿದ್ದೇನೆ. ಹೆಸರುಗಳ ಪಟ್ಟಿಯಲ್ಲಿ ಎಲ್ಲ ಪರಿಚಯದ ಮಕ್ಕಳೇ ಇದ್ದರು. ಅಲ್ಲಿಗೆ ನೋಡುವುದನ್ನು ನಿಲ್ಲಿಸಿದೆ.

ಶಿರಸಿ ಕಡೆಯ ನಮ್ಮ ಊರುಗಳಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿಗೆ ಬರವಿಲ್ಲ. ಮಗನ ತರಗತಿಯಲ್ಲೂ ಒಬ್ಬ ಹುಡುಗನಿದ್ದ. ಸಣ್ಣವನಿದ್ದಾಗಿನಿಂದ ಹೆಜ್ಜೆ ಕಲಿತವನು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಭಸ್ಮಾಸುರ ಮೋಹಿನಿ ಆಡಿದರು, ಅವನದು ಮೋಹಿನಿ. ನಾನೂ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಭಾಗವತರು ಪದ ಎತ್ತಿದ ಕೂಡಲೆ ಅವನು ರಂಗಕ್ಕೆ ಬಂದ ರೀತಿ, ಕತ್ತು ಹೊರಳಿಸುವಾಗಿನ ಆ ನಿಧಾನ, ಅದು ಹೇಳಿಕೊಟ್ಟು ಬರುವಂಥದ್ದಲ್ಲ. ಗಂಡಸರೇ ಸ್ತ್ರೀವೇಷ ಕಟ್ಟಿ, ಅದರಲ್ಲೇ ಜೀವಮಾನ ಕಳೆದು ಹೆಸರಾದ ಕಲೆ ಇದು. ಅದನ್ನು ನಮ್ಮ ಮಕ್ಕಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ.

ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಅವನು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಗ ಯಾರೋ ಒಂದು ಫೋಟೊ ತೆಗೆದಿದ್ದರು. ಒಂದು ಕೆನ್ನೆಗೆ ಬಣ್ಣ ಕೂತಿದೆ, ಇನ್ನೊಂದು ಕೆನ್ನೆ ಬರಿದು. ತಲೆಗೆ ಬಟ್ಟೆ ಬಿಗಿದಿದೆ. ಮೈಮೇಲೆ ಮಾಸಿದ ಬನಿಯನ್ನು. ಕೈಯಲ್ಲಿ ಅವಲಕ್ಕಿಯ ಕಾಗದದ ಪೊಟ್ಟಣ, ಬಾಯಿ ತುಂಬಿದೆ, ಯಾರೋ ಕರೆದರೆಂದು ಕಣ್ಣೆತ್ತಿ ನೋಡಿದ್ದಾನೆ. ಹಸಿದ ಹುಡುಗನೊಬ್ಬ ಆಟಕ್ಕೆ ಮುಂಚೆ ಏನೋ ತಿನ್ನುತ್ತಿರುವ ಚಿತ್ರ, ಅಷ್ಟೆ. ಆ ಫೋಟೊವನ್ನು ನನ್ನ ಮಗ ಸ್ಟಿಕ್ಕರ್ ಮಾಡಿದ. ಈಗ ಅದಕ್ಕೆ ಕೈಚಳಕವೇನೂ ಬೇಡ. ಹಿಂದಿನ ಗೋಡೆ, ಪೆಟ್ಟಿಗೆ, ಪಕ್ಕದಲ್ಲಿದ್ದವರನ್ನೆಲ್ಲ ಫೋನೇ ಕತ್ತರಿಸಿ ತೆಗೆದು, ಆ ಹುಡುಗನೊಬ್ಬನನ್ನೇ ಬಿಳಿ ಅಂಚಿನೊಳಗೆ ಉಳಿಸಿಕೊಡುತ್ತದೆ. ಕೆಳಗೆ ಒಂದು ಪದ ಬರೆದಿದ್ದ. ಆ ಪದವನ್ನು ನಾನಿಲ್ಲಿ ಬರೆಯುವುದಿಲ್ಲ.

ಆಮೇಲೆ ಗುಂಪಿನಲ್ಲಿ ಯಾರಿಗಾದರೂ ಅಂಕ ಕಡಿಮೆ ಬಂದರೆ ಆ ಸ್ಟಿಕ್ಕರ್. ಕ್ರಿಕೆಟ್‌ನಲ್ಲಿ ಯಾರಾದರೂ ಕ್ಯಾಚ್ ಬಿಟ್ಟರೆ, ಯಾರಾದರೂ ಮಳೆಗೆ ಹೆದರಿ ಟ್ಯೂಷನ್ನಿಗೆ ಬಾರದಿದ್ದರೆ ಅದೇ ಸ್ಟಿಕ್ಕರ್. ಆ ಹುಡುಗನ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಕೆಲ ದಿನ ನೋಡಿ ಅವನು ಗುಂಪು ಬಿಟ್ಟ. 2022ರಿಂದ ಈಚೆಗೆ ವಾಟ್ಸಾಪ್ ಗುಂಪು ಬಿಟ್ಟವರ ಸುದ್ದಿ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಹಾಗಾಗಿ ಅವನು ಹೋದದ್ದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಸ್ಟಿಕ್ಕರ್ ಓಡಾಡುತ್ತಲೇ ಇತ್ತು. ಬಸ್ಸಿನಲ್ಲಿ ಅವನು ಹತ್ತಿದ ಕೂಡಲೆ ಹಿಂದಿನ ಸೀಟಿನವರು ಬಾಯಿ ಉಬ್ಬಿಸಿ ಕಣ್ಣೆತ್ತಿ ಅದೇ ಮುಖ ಮಾಡತೊಡಗಿದರು.

ಅವನ ತಾಯಿ ನನಗೆ ಫೋನ್ ಮಾಡಿದಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆಕೆ ಮೆತ್ತಗೆ ಮಾತನಾಡುವ ಹೆಂಗಸು. "ಅಕ್ಕೋರೆ, ಒಂದು ವಿಷಯ ಇತ್ತು" ಎಂದು ಶುರು ಮಾಡಿ, ನನ್ನ ಮಗನ ಹೆಸರನ್ನೂ ಎತ್ತದೆ, ಹುಡುಗರು ಹೀಗೆ ಮಾಡುತ್ತಿದ್ದಾರಂತೆ, ತನ್ನ ಮಗ ಸರಿಯಾಗಿ ಉಣ್ಣುತ್ತಿಲ್ಲ ಎಂದಳು. "ಗಂಡು ಹುಡುಗರಲ್ವ, ತಮಾಷೆಗೆ ಮಾಡ್ತಾರೆ. ನಾನು ಇವನಿಗೆ ಹೇಳ್ತೇನೆ ಬಿಡು ತಂಗಿ, ನಾಲ್ಕು ದಿನ ಹೋದ್ರೆ ಮರೆತುಹೋಗ್ತದೆ" ಎಂದೆ. ಸಮಾಧಾನ ಹೇಳಿದೆನೆಂದೇ ನಾನು ತಿಳಿದಿದ್ದೆ. ರಾತ್ರಿ ಊಟದ ಹೊತ್ತಿಗೆ ಮಗನನ್ನು ಕೇಳಿದೆ, "ನೀನೇನೂ ಮಾಡಿಲ್ಲ ತಾನೆ?" ಎಂದು. "ಇಲ್ಲ ಆಯಿ, ಎಲ್ಲರೂ ಹಾಕ್ತಾರೆ" ಎಂದ. ನಾನು ಕೇಳಿದ ರೀತಿಯಲ್ಲೇ ಅವನು ಏನು ಹೇಳಬೇಕೆಂಬುದೂ ಇತ್ತು. ನನಗೆ ಬೇಕಾದ ಉತ್ತರ ಸಿಕ್ಕಿತು, ನಾನು ಪತ್ರಿಕೆ ತಿದ್ದಲು ಹೋದೆ.

ಅವನು ಸುಳ್ಳು ಹೇಳಿದ್ದಕ್ಕೆ ಕಾರಣವನ್ನು ಬಹಳ ತಡವಾಗಿ ಕಂಡುಕೊಂಡೆ. ಎರಡು ವರ್ಷದ ಹಿಂದೆ ಯಾವುದೋ ಆನ್‌ಲೈನ್ ಆಟದಲ್ಲಿ ಗೊತ್ತಿಲ್ಲದ ಒಬ್ಬ ಹೊಲಸು ಮಾತು ಕಳಿಸಿದಾಗ ಇವನು ತಾನಾಗಿಯೇ ಬಂದು ನನಗೆ ತೋರಿಸಿದ್ದ. ಆಗ ನಾನು ಮಾಡಿದ್ದು ಫೋನು ಕಸಿದುಕೊಂಡದ್ದು. ಆಟ ಆಡಲು ಹೋದದ್ದಕ್ಕೇ ಹೀಗಾಯಿತು ಎಂದು ಬೈದದ್ದು. ತಪ್ಪು ಮಾಡಿದವನು ಎಲ್ಲೋ ಇದ್ದ, ಶಿಕ್ಷೆ ನನ್ನ ಮಗನಿಗಾಯಿತು. ಆಯಿಗೆ ಹೇಳಿದರೆ ಫೋನು ಹೋಗುತ್ತದೆ ಎಂಬುದನ್ನು ಅವನು ಅವತ್ತೇ ಕಲಿತಿದ್ದ. ಆ ಪಾಠ ಮಾಡಿದವಳು ನಾನೇ.

ಕೆಲವು ವಾರಗಳ ನಂತರ ಶಾಲೆಯಿಂದ ಕರೆ ಬಂತು. ಆ ಹುಡುಗ ಶಾಲೆಗೆ ಬರುವುದನ್ನೇ ಬಿಟ್ಟಿದ್ದ. ಹೆಜ್ಜೆಯ ತರಗತಿಗೂ ಹೋಗುತ್ತಿರಲಿಲ್ಲ. ಸ್ಟಿಕ್ಕರ್ ಮೊದಲು ಹಾಕಿದ್ದು ಯಾರೆಂದು ಹುಡುಕಿದಾಗ ನನ್ನ ಮಗನ ನಂಬರು ಸಿಕ್ಕಿತ್ತು. ಬೇರೆ ತಂದೆತಾಯಂದಿರ ಎದುರು ಆ ಚಿತ್ರವನ್ನು ನನಗೆ ತೋರಿಸಿದರು. ನನಗೆ ಅವತ್ತು ಮೊದಲು ನೋವಾದದ್ದು ಆ ಹುಡುಗನಿಗಾಗಿ ಅಲ್ಲ. ಟೀಚರ್ ಮಗನೇ ಹೀಗೆ ಮಾಡಿದನಲ್ಲ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದಕ್ಕೆ. ಆಮೇಲೆ ನಾನು ಮಾಡಿದ್ದೆಲ್ಲ ಈ ನೋವಿನಿಂದಲೇ ಹುಟ್ಟಿದ್ದರಿಂದ ಒಂದೂ ಸರಿಯಾಗಲಿಲ್ಲ.

ಮನೆಗೆ ಬಂದವಳೇ ಅವನ ಕೈಯಿಂದ ಫೋನು ಕಸಿದು ಸ್ಟಿಕ್ಕರ್, ಫೋಟೊ, ಇಡೀ ಗುಂಪಿನ ಮಾತುಕತೆ ಎಲ್ಲ ಅಳಿಸಿಹಾಕಿದೆ. ಗುಂಪಿನಿಂದ ಅವನನ್ನು ಹೊರತಂದೆ. ಎಲ್ಲ ತೊಳೆದುಹೋಯಿತು ಎಂದುಕೊಂಡೆ. ತೊಳೆದದ್ದು ನಮ್ಮ ಫೋನು ಮಾತ್ರ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸುವ ಅವಕಾಶವಿರುವುದು ಕಳಿಸಿದ ಎರಡು ದಿನ ಚಿಲ್ಲರೆ ಸಮಯದೊಳಗೆ. ಆ ಅವಧಿ ಎಂದೋ ಮುಗಿದಿತ್ತು. ಮುಗಿಯದೆ ಇದ್ದಿದ್ದರೂ, ಸ್ಟಿಕ್ಕರನ್ನು ಒಮ್ಮೆ ಯಾರಾದರೂ ಫೇವರಿಟ್‌ಗೆ ಸೇರಿಸಿಕೊಂಡರೆ ಮೂಲ ಮೆಸೇಜು ಅಳಿಸಿದರೂ ಅದು ಅವರ ಫೋನಿನಲ್ಲಿ ಉಳಿಯುತ್ತದೆ, ಅಲ್ಲಿಂದ ಅವರು ಎಲ್ಲಿಗೆ ಬೇಕಾದರೂ ಕಳಿಸಬಹುದು. ಯಾರು ಯಾವತ್ತು ಎಲ್ಲಿಗೆ ಹಾಕಿದರು ಎಂದು ತಿಳಿಯಲು ಇದ್ದ ದಾಖಲೆಯನ್ನೂ ನಾನೇ ಅಳಿಸಿದ್ದೆ. ಗುಂಪಿನಲ್ಲಿ ನಿಂತು "ಇದನ್ನು ತೆಗೀರಿ" ಎಂದು ಹೇಳಬಹುದಾಗಿದ್ದ ಒಬ್ಬನನ್ನೂ ಹೊರಗೆಳೆದಿದ್ದೆ.

ಮರುದಿನ ಬೆಳಿಗ್ಗೆ ಅವನನ್ನು ಆ ಮನೆಗೆ ಕರೆದುಕೊಂಡು ಹೋದೆ. ಆ ಹುಡುಗನ ಅಜ್ಜಿ, ತಾಯಿ, ಕೊಟ್ಟಿಗೆಯಿಂದ ಕೈ ತೊಳೆದು ಬಂದ ತಂದೆ, ಎಲ್ಲರ ಎದುರು ಕ್ಷಮೆ ಕೇಳಿಸಿದೆ. ಅಜ್ಜಿಯ ಕಾಲಿಗೆ ಬೀಳಿಸಿದೆ. ನನ್ನ ಮಗ ಅಳುತ್ತಿದ್ದ. ಯಾರ ಕ್ಷಮೆ ಕೇಳಬೇಕಿತ್ತೋ ಆ ಹುಡುಗ ಬಾಗಿಲವರೆಗೆ ಬಂದವನು ನಮ್ಮನ್ನು ನೋಡಿ ಒಳಗೆ ಹೋದ. ಅವನ ಒಪ್ಪಿಗೆಯನ್ನು ನಾನು ಕೇಳಿರಲಿಲ್ಲ. ತನ್ನನ್ನು ಗೇಲಿ ಮಾಡಿದವನು ತನ್ನದೇ ಮನೆಯ ಜಗಲಿಯಲ್ಲಿ ಬಂದು ನಿಲ್ಲುವುದು ಅವನಿಗೆ ಬೇಕೋ ಬೇಡವೋ ಎಂದು ಯೋಚಿಸಿರಲಿಲ್ಲ. ಆ ತಾಯಿ ಹೇಳಿದ್ದು ಇಷ್ಟು: "ಅಕ್ಕೋರೆ, ಕಾಲಿಗೆ ಬಿದ್ರೆ ಏನಾಗ್ತದೆ? ಅದು ಎಲ್ಲೆಲ್ಲಿಗೆ ಹೋಗಿದೆ ಅಂತ ನನ್ನ ಮಗ ದಿನಾ ಕೇಳ್ತಾನೆ. ಅದನ್ನ ಹೇಳಿ."

ನನ್ನ ಬಳಿ ಉತ್ತರವಿರಲಿಲ್ಲ. ಆ ಮಗುವಿಗೆ ಬೇಕಾಗಿದ್ದದ್ದು ನನ್ನ ಮಗನ ಕಣ್ಣೀರಲ್ಲ, ನನ್ನ ಮರ್ಯಾದೆಯೂ ಅಲ್ಲ. ತನ್ನ ಮುಖ ಯಾರ ಯಾರ ಫೋನಿನಲ್ಲಿದೆ ಎಂಬ ಲೆಕ್ಕ.

ಫೋನನ್ನು ಮಗನಿಗೆ ವಾಪಸು ಕೊಟ್ಟೆ. ಮನೆಯಲ್ಲಿ ಇದಕ್ಕೆ ವಿರೋಧ ಬಂತು. ಇಷ್ಟೆಲ್ಲ ಆದ ಮೇಲೂ ಫೋನೇ ಎಂದು ನನ್ನ ಗಂಡ ಸಿಟ್ಟಾದರು. ಆದರೆ ಕೆಲಸ ಇದ್ದದ್ದು ಆ ಫೋನಿನಲ್ಲೇ. ಒಂದು ನೋಟ್‌ಬುಕ್ಕಿನಲ್ಲಿ ಗುಂಪಿನ ಎಲ್ಲರ ಹೆಸರು ಬರೆಸಿದೆ. ಮೆಸೇಜು ಬೇಡ, ಮಾತಾಡು ಎಂದೆ. ಅವನು ಒಬ್ಬೊಬ್ಬರಿಗೂ ಫೋನ್ ಮಾಡಿ, ಆ ಸ್ಟಿಕ್ಕರ್ ಮಾಡಿದ್ದು ನಾನು, ನಿನ್ನ ಫೇವರಿಟ್‌ನಲ್ಲಿ ಇದ್ದರೆ ಒತ್ತಿ ಹಿಡಿದು ತೆಗಿ, ಬೇರೆ ಕಡೆ ಕಳಿಸಿದ್ದರೆ ಎಲ್ಲಿಗೆಂದು ಹೇಳು ಎಂದು ಕೇಳಿದ. ಮೊದಲ ಕರೆಗಳಲ್ಲಿ ಅವನ ದನಿಯೇ ಹೊರಡುತ್ತಿರಲಿಲ್ಲ. ನಕ್ಕವರಿದ್ದರು. "ನಿಮ್ಮಮ್ಮ ಪಕ್ಕದಲ್ಲಿ ಕೂತಿದಾರಾ?" ಎಂದು ಕೇಳಿದವರಿದ್ದರು. ಹೌದು ಎಂದ. ತಕ್ಷಣ ತೆಗೆದು, ತೆಗೆದೆ ಎಂದು ಹೇಳಿದವರೇ ಹೆಚ್ಚು. ಒಬ್ಬ ಹುಡುಗನ ತಂದೆ ಫೋನು ಕಸಿದುಕೊಂಡು, ಹುಡುಗರು ತಮಾಷೆ ಮಾಡಿದ್ದಕ್ಕೆಲ್ಲ ಇಷ್ಟು ದೊಡ್ಡದು ಮಾಡುತ್ತೀರಾ ಎಂದು ಗದರಿದರು. ನಾನು ಆ ತಾಯಿಗೆ ಹೇಳಿದ್ದ ಮಾತು ಅದೇ ಅರ್ಥದಲ್ಲಿ ನನಗೆ ಹಿಂದಿರುಗಿತು. ಪಟ್ಟಿಯಲ್ಲಿ ಎರಡು ಹೆಸರಿನ ಎದುರು ಇನ್ನೊಂದು ಶಾಲೆಯ ಗುಂಪಿನ ಹೆಸರು ಬಂತು. ಅಲ್ಲಿಂದ ಮುಂದೆ ನಮಗೆ ದಾರಿ ಸಿಗಲಿಲ್ಲ. ಆ ಪಟ್ಟಿಯನ್ನು ಹಾಗೆಯೇ ಆ ತಾಯಿಗೆ ಕೊಟ್ಟೆವು, ಗೊತ್ತಾದದ್ದು ಇಷ್ಟು, ಗೊತ್ತಾಗದೆ ಉಳಿದದ್ದು ಇಷ್ಟು ಎಂದು ಹೇಳಿ.

ಆ ಸಂಜೆಗಳಲ್ಲಿ ಮಗ ಹೇಳಿದ ಎರಡು ಮಾತುಗಳನ್ನು ಬರೆಯಲೇಬೇಕು. ಯಾಕೆ ಮಾಡಿದೆ ಎಂದು ಆಗ ನಾನು ಕೇಳಿರಲಿಲ್ಲ, ಮೊದಲೇ ಕೇಳಿ ಕೇಳಿ ಸೋತಿದ್ದೆ. ಅವನೇ ಹೇಳಿದ. ಆ ಗುಂಪಿನಲ್ಲಿ ಅವನು ಏನು ಬರೆದರೂ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ಅವನು ಆಟದಲ್ಲಿ ಮುಂದಿಲ್ಲ, ಓದಿನಲ್ಲೂ ನಡುವಿನವನು. ಆ ಸ್ಟಿಕ್ಕರ್ ಹಾಕಿದ ಕೂಡಲೆ ಕಣ್ಣೀರು ಬರುವಷ್ಟು ನಗುವ ಮುಖಗಳು ಸಾಲುಸಾಲಾಗಿ ಬಂದವು. ಮರುದಿನ ತರಗತಿಯಲ್ಲಿ ಬೆನ್ನು ತಟ್ಟಿದರು. ನನಗೆ ಇದು ಹೊಸ ಸುದ್ದಿ. ನನ್ನ ಮಗ ತರಗತಿಯಲ್ಲಿ ಒಂಟಿ ಎಂಬುದೇ ನನಗೆ ತಿಳಿದಿರಲಿಲ್ಲ. ಅವನ ಫೋನು ಎಷ್ಟು ಹೊತ್ತು ಉರಿಯಿತು ಎಂಬುದು ಮಾತ್ರ ನಿಮಿಷ ನಿಮಿಷಕ್ಕೂ ಗೊತ್ತಿತ್ತು. ಇದು ಅವನು ಮಾಡಿದ್ದನ್ನು ಹಗುರ ಮಾಡುವುದಿಲ್ಲ. ಆದರೆ ನಾನು ನೋಡಬೇಕಾದದ್ದು ಎಲ್ಲಿತ್ತು ಎಂಬುದನ್ನು ತೋರಿಸಿಕೊಟ್ಟಿತು.

ಇನ್ನೊಂದು ಮಾತು. ಸ್ಟಿಕ್ಕರ್ ಹಾಕಿದ ದಿನವೇ ಒಬ್ಬ ಹುಡುಗ ಇವನಿಗೆ ಬೇರೆಯಾಗಿ "ಪಾಪ, ತೆಗೆದುಬಿಡೋ" ಎಂದು ಬರೆದಿದ್ದನಂತೆ. ಅದೇ ಹುಡುಗ ಗುಂಪಿನಲ್ಲಿ ನಗುವ ಮುಖ ಹಾಕಿದ್ದ. "ಅವನು ಗುಂಪಲ್ಲೇ ಹೇಳಿದ್ರೆ ನಾನು ತೆಗೀತಿದ್ದೆ ಆಯಿ. ಇಬ್ರು ಹೇಳಿದ್ರೂ ಸಾಕಿತ್ತು." ಮಕ್ಕಳಿಗೆ ನಾವು ಹೇಳಿಕೊಡುವುದು ಎರಡನ್ನೇ: ನಿನಗೆ ಯಾರಾದರೂ ತೊಂದರೆ ಕೊಟ್ಟರೆ ಹೇಳು, ನೀನು ಯಾರಿಗೂ ತೊಂದರೆ ಕೊಡಬೇಡ. ನೋಡುತ್ತ ನಿಂತವರು ಏನು ಮಾಡಬೇಕು ಎಂಬುದನ್ನು ಹೇಳಿಕೊಡುವುದೇ ಇಲ್ಲ. ಅಂಥ ಗುಂಪುಗಳಲ್ಲಿ ಹೆಚ್ಚಿನವರು ನೋಡುತ್ತ ನಿಂತವರೇ. ಅವರಿಗೆ ಒಳಗೊಳಗೆ ಬೇಸರವಿರುತ್ತದೆ. ಅದನ್ನು ಎಲ್ಲರೆದುರು ಹೇಳುವ ಧೈರ್ಯ ಇರುವುದಿಲ್ಲ, ಏಕೆಂದರೆ ಮುಂದಿನ ಸ್ಟಿಕ್ಕರ್ ತಮ್ಮದೇ ಆಗಬಹುದು.

ನನ್ನ ತರಗತಿಯಲ್ಲಿ ಪ್ರತಿ ವರ್ಷ ನಾನು ಒಂದು ಘಟನೆ ಹೇಳುತ್ತಿದ್ದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಿತಿ ಹೇರುವುದಾಗಿ ಹೇಳಿತು. ಸುಳ್ಳು ಸುದ್ದಿ ಹಂಚಬೇಡಿ, ಜೀವ ಹೋಗುತ್ತದೆ ಎಂದು ನಾನು ಹೇಳಿದರೆ ಮಕ್ಕಳು ಗಂಭೀರವಾಗಿ ಕೇಳುತ್ತಿದ್ದರು. ಮನೆಯಲ್ಲಿ ಮಗನಿಗೂ ಹೇಳಿದ್ದೆ. ಆದರೆ ಚೌಕಿಯ ಆ ಫೋಟೊ ಸುಳ್ಳಾಗಿರಲಿಲ್ಲ. ನಿಜವಾದ ಫೋಟೊ, ನಿಜವಾದ ಹುಡುಗ, ನಿಜವಾದ ಅವಲಕ್ಕಿ. ನಿಜವಾದದ್ದನ್ನು ಹಂಚುವ ಮೊದಲು ಏನು ಕೇಳಿಕೊಳ್ಳಬೇಕು ಎಂಬುದು ನನ್ನ ಪಾಠದಲ್ಲೇ ಇರಲಿಲ್ಲ. ಈಗ ಸೇರಿಸಿದ್ದೇನೆ: ಈ ಚಿತ್ರದಲ್ಲಿ ಇರುವವರು ಈ ಗುಂಪಿನಲ್ಲಿ ಇದ್ದಾರೆಯೇ? ಇದನ್ನು ಹಾಕುವುದು ಅವರಿಗೆ ಗೊತ್ತೇ? ಬೇಡವೆಂದರೆ ನಾವು ತೆಗೆಯುತ್ತೇವೆಂದು ಅವರಿಗೆ ನಂಬಿಕೆ ಇದೆಯೇ?

ಸ್ಟಿಕ್ಕರ್ ಮಾಡುವುದನ್ನು ಅವನು ಕಲಿತದ್ದು ಎಲ್ಲಿ ಎಂದು ಕೇಳಿದರೆ ಅದೂ ನಮ್ಮ ಮನೆಗೇ ಬಂದು ನಿಲ್ಲುತ್ತದೆ. ಮದುವೆಮನೆಯ ಜಮಖಾನದ ಮೇಲೆ ಬಾಯಿ ತೆರೆದು ನಿದ್ದೆಹೋದ ಚಿಕ್ಕಪ್ಪನ ಫೋಟೊವನ್ನು ಅವನು ಸ್ಟಿಕ್ಕರ್ ಮಾಡಿ ಕುಟುಂಬದ ಗುಂಪಿಗೆ ಹಾಕಿದಾಗ ನಾವೆಲ್ಲ ನಕ್ಕು, ಎಷ್ಟು ಜಾಣ ಎಂದು ಹೊಗಳಿದ್ದೆವು. ಚಿಕ್ಕಪ್ಪನೂ ನಕ್ಕ. ಅವನಿಗೆ ನಲವತ್ತು ದಾಟಿದೆ, ಗುಂಪಿನಲ್ಲಿ ನೆಮ್ಮದಿಯಾಗಿ ಉಳಿಯಬಲ್ಲ, ಬೇಕಿದ್ದರೆ ತಿರುಗಿ ಒಂದು ಹಾಕಬಲ್ಲ. ಹದಿನಾಲ್ಕರ ಒಬ್ಬ ಹುಡುಗನಿಗೆ ಈ ಮೂರೂ ಇರಲಿಲ್ಲ. ಆ ವ್ಯತ್ಯಾಸ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ, ದೊಡ್ಡವರು ಕೂತು ಹೇಳಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಈ ದಿನಗಳಲ್ಲಿ ಸರಿಯಾಗಿ ತಿಳಿದುಕೊಂಡೆ. ಮಗುವಿನ ಬೆತ್ತಲೆ ಚಿತ್ರ, ಲೈಂಗಿಕ ಬೆದರಿಕೆ ಇದ್ದರೆ ಅದು 2012ರ ಪೋಕ್ಸೊ ಕಾಯ್ದೆ, ಐಟಿ ಕಾಯ್ದೆಯ 67ಬಿ ಕಲಮಿನ ಅಡಿ ಬರುವ ಅಪರಾಧ. ಅಂಥ ಚಿತ್ರದ ನಕಲನ್ನು ಸಾಕ್ಷಿಗೆಂದು ಇಟ್ಟುಕೊಳ್ಳಬಾರದು, ಯಾರಿಗೂ ಕಳಿಸಬಾರದು. ನಂಬರು, ಖಾತೆಯ ಹೆಸರು, ದಿನ, ಹೊತ್ತು ಬರೆದಿಟ್ಟುಕೊಂಡು ಪೊಲೀಸರ ಬಳಿ ಹೋಗಬೇಕು, ಅಥವಾ 1098ಕ್ಕೆ ಕರೆ ಮಾಡಬೇಕು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 2023ರಲ್ಲಿ ಅಮೆರಿಕದಲ್ಲಿ ಶುರುವಾದ ಟೇಕ್ ಇಟ್ ಡೌನ್ ಎಂಬ ಸೇವೆಯನ್ನು ನಮ್ಮ ಮಕ್ಕಳೂ ಬಳಸಬಹುದು. ಚಿತ್ರ ನಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆಯೊಂದು ಮಾತ್ರ ಹೋಗಿ, ಈ ಸೇವೆಗೆ ಸೇರಿಕೊಂಡಿರುವ ಜಾಲತಾಣಗಳು ಅಂಥದೇ ಚಿತ್ರವನ್ನು ಪತ್ತೆಹಚ್ಚಿ ತೆಗೆಯಲು ನೆರವಾಗುತ್ತದೆ. ಇವೆಲ್ಲ ಗೊತ್ತಿರಬೇಕು. ಆದರೆ ಬನಿಯನ್ನು ತೊಟ್ಟು ಅವಲಕ್ಕಿ ತಿನ್ನುವ ಹುಡುಗನ ಚಿತ್ರಕ್ಕೆ ಈ ಕಲಮುಗಳಾಗಲಿ, ಟೇಕ್ ಇಟ್ ಡೌನ್ ಆಗಲಿ ಒದಗುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಬೇಡವೆಂದು ಕಾನೂನು ಜಾರಿಗೆ ತಂದಿತು. ನಮ್ಮಲ್ಲೂ ಹಾಗೆ ಆಗಲಿ ಎನ್ನುವ ಪೋಷಕರು ಬಹಳ ಮಂದಿ. ವಾಟ್ಸಾಪ್‌ನಂಥ ಸಂದೇಶದ ಆ್ಯಪ್‌ಗಳನ್ನು ಆ ಕಾನೂನು ಹೊರಗಿಟ್ಟಿದೆ. ನಮ್ಮ ಮನೆಯ ಪ್ರಕರಣ ನಡೆದದ್ದು ಅಂಥ ಹೊರಗಿನ ಜಾಗದಲ್ಲೇ.

ಆ ಹುಡುಗ ಈಗ ಶಾಲೆಗೆ ಬರುತ್ತಾನೆ. ಹೆಜ್ಜೆಯ ತರಗತಿಗೂ ಹೋಗುತ್ತಾನೆ, ಸ್ತ್ರೀವೇಷ ಮಾತ್ರ ಒಲ್ಲೆ ಎನ್ನುತ್ತಾನಂತೆ. ಅವನ ಗುರುಗಳು ಒತ್ತಾಯ ಮಾಡಿಲ್ಲ. ನನ್ನ ಮಗನೂ ಅವನೂ ಸ್ನೇಹಿತರಾಗಿಲ್ಲ, ಆಗಬೇಕೆಂದು ನಾನು ಕೇಳುವುದೂ ಇಲ್ಲ. ಮಗ ಒಂದು ಕಾಗದ ಬರೆದು, ಕೊಡಲೇ ಎಂದು ಮೊದಲು ಆ ತಾಯಿಯಿಂದ ಕೇಳಿಸಿ, ಆ ಹುಡುಗ ಹೂಂ ಎಂದ ಮೇಲೆ ಕೊಟ್ಟ. ಅದರಲ್ಲಿ ಏನಿತ್ತೆಂದು ನಾನು ಓದಿಲ್ಲ.

ಮನೆಯ ನಿಯಮಗಳು ಬದಲಾಗಿವೆ. ಬಂದು ಹೇಳಿದ್ದಕ್ಕೆ ಫೋನು ಹೋಗುವುದಿಲ್ಲ ಎಂಬುದು ಮೊದಲನೆಯದು. ಅದನ್ನು ನಾನು ಪಾಲಿಸುತ್ತೇನೆಂದು ಮಗ ನಂಬಲು ಬಹಳ ಕಾಲ ಬೇಕಾಯಿತು. ಇತ್ತೀಚೆಗೆ ಅವನು ಯಾವುದೋ ಗುಂಪಿನ ಒಂದು ಮೆಸೇಜು ತೋರಿಸಿ, "ಇದಕ್ಕೆ ಏನು ಹೇಳಲಿ?" ಎಂದು ಕೇಳಿದಾಗ ನನ್ನ ಕೈ ತಾನಾಗಿ ಫೋನಿನತ್ತ ಹೋಯಿತು, ಹಿಂದೆಳೆದುಕೊಂಡೆ. ಯಾರ ಜೊತೆ ಮಾತಾಡಿದೆ ಎಂದು ಕೇಳುವುದು ಕಡಿಮೆ ಮಾಡಿದ್ದೇನೆ. ಇವತ್ತು ಯಾರನ್ನು ನೋಡಿ ಎಲ್ಲರೂ ನಕ್ಕರು ಎಂದು ಕೇಳುತ್ತೇನೆ. ಉತ್ತರ ಕೆಲವು ಸಲ ಬರುತ್ತದೆ.

ಮಗಳು ಈ ವರ್ಷ ಏಳನೇ ತರಗತಿ. ಅವಳ ಗೆಳತಿಯರೂ ಒಂದು ಗುಂಪು ಮಾಡಿಕೊಂಡಿದ್ದಾರೆ, ಸದ್ಯಕ್ಕೆ ಅದು ನನ್ನ ಫೋನಿನಲ್ಲೇ ಇದೆ. ಅದರಲ್ಲಿ ಒಬ್ಬ ಹುಡುಗಿಯ ಕೂದಲಿನ ಬಗ್ಗೆ ಏನೋ ಬಂದಾಗ ಅವಳು ನನ್ನ ಬಳಿ ಬರಲಿಲ್ಲ, ಅಣ್ಣನ ಬಳಿ ಹೋದಳು. ಹಾಕಿದವಳಿಗೆ ಒಬ್ಬಳಿಗೇ ಬೇರೆಯಾಗಿ ಹೇಳುತ್ತೇನೆ, ಅವಳಿಗೆ ಬೇಜಾರಾಗಬಾರದಲ್ಲ ಎಂದಳು. "ಬೇಡ, ಗುಂಪಲ್ಲೇ ಹೇಳು" ಎಂದ ಅವನು. "ಏನಂತ ಬರೀಲಿ?" ಎಂದಳು. ಇಬ್ಬರೂ ಕೂತು ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಕಳಿಸಿದ್ದು ಒಂದೇ ಸಾಲು: "ಇದು ನನಗೆ ಇಷ್ಟ ಆಗಿಲ್ಲ, ತೆಗಿ." ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು "ನನಗೂ" ಎಂದು ಹಾಕಿದಳು.